ಅರ್ಧ ಬಾಟಲಿ ಮಣ್ಣು

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ, ನೋಯ್ಡಾದ ಒಂದು ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಮಹಡಿಯಲ್ಲಿ, ನಾನು ಒಂದು ಗಾಜಿನ ಬಾಟಲಿಯೊಳಗಿದ್ದ ಮಣ್ಣನ್ನು ಕಸದ ಚೀಲಕ್ಕೆ ಸುರಿದೆ. ಬಾಟಲಿ ಚೆನ್ನಾಗಿತ್ತು. ದಪ್ಪ ಗಾಜು, ಅಗಲ ಬಾಯಿ, ಒಳಗೆ ರಬ್ಬರಿನ ಸುತ್ತು ಇರುವ ತಗಡಿನ ಮುಚ್ಚಳ. ಒಳ್ಳೆಯ ಬಾಟಲಿ ಎಸೆಯುವವರ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಹೇಳಿ ಹೇಳಿಯೇ ನಮ್ಮಮ್ಮ ನನ್ನನ್ನು ಬೆಳೆಸಿದ್ದಾಳೆ. ಹಾಗಾಗಿ ಮಣ್ಣನ್ನು ಎಸೆದು, ಬಾಟಲಿಯನ್ನು ತೊಳೆದು, ಒರೆಸಿ, ನನ್ನ ಬ್ಯಾಗಿಗೆ ಹಾಕಿಕೊಂಡೆ. ಸತ್ತವರ ಮನೆಯ ವಸ್ತು ಎಂಬ ಅಳುಕು ಕೂಡ ಬರಲಿಲ್ಲ.

ಸತ್ತವರು ನಮ್ಮ ಕಾರ್ಖಾನೆಯ ಕ್ವಾಲಿಟಿ ವಿಭಾಗದ ಮುಖ್ಯಸ್ಥರು. ವಿಭಾಗದ ಮುಖ್ಯಸ್ಥರನ್ನು ಜಪಾನಿನವರು ಬುಚೋ ಎನ್ನುತ್ತಾರೆ; ನಾವೂ ಹಾಗೇ ಕರೆಯುತ್ತಿದ್ದೆವು. ನಾನು ಅಲ್ಲಿ ದುಭಾಷಿ. ಬ್ರೇಕಿನ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ಗೀರು ಕಂಡರೂ ಬುಚೋ ಜಪಾನಿಯಲ್ಲಿ ಬೇಸರಪಡುತ್ತಿದ್ದರು, ನಾನು ಅದನ್ನು ಹಿಂದಿಯಲ್ಲಿ ಬೈಗುಳವಾಗದಂತೆ ದಾಟಿಸುತ್ತಿದ್ದೆ. ಮೂರು ವರ್ಷ ಅವರ ಎಡಭುಜದ ಪಕ್ಕ ನಿಂತಿದ್ದರೂ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ: ಬೆಂಡೆಕಾಯಿ ಇಷ್ಟ, ಹೆಂಡತಿ ಊರಲ್ಲಿದ್ದಾರೆ. ಗುರುವಾರ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಿರುವಾಗಲೇ ಬಾಗಿಲ ಬಳಿ ಕುಸಿದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿದಿತ್ತು.

ಎಚ್.ಆರ್. ಮುಖ್ಯಸ್ಥರು ನನ್ನನ್ನು ಕರೆದು, "ಮೇಡಮ್, ಅಬ್ ಸಬ್ ಆಪ್ ಹೀ ದೇಖೇಂಗೀ," ಎಂದರು. ಎಲ್ಲ ನೀವೇ ನೋಡಿಕೊಳ್ಳಬೇಕು ಅಂತ. ಆ "ಎಲ್ಲ"ದಲ್ಲಿ ಏನೇನಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಮರಣಪತ್ರ, ಅದರ ಜಪಾನಿ ಅನುವಾದ, ದೂತಾವಾಸಕ್ಕೆ ಅರ್ಜಿ, ವಿದೇಶಿಯರ ನೋಂದಣಿ ಕಚೇರಿಗೆ ತಿಳಿವಳಿಕೆ, ಶವಾಗಾರದ ರಸೀತಿ. ಒಂದು ಕಾಗದದಲ್ಲಿ ಹೆಸರು ಮೊದಲು, ಇನ್ನೊಂದರಲ್ಲಿ ಮನೆತನ ಮೊದಲು. ಎರಡೂ ಒಬ್ಬರೇ ಎಂದು ಮೂರನೆಯ ಕಾಗದ. ಇದರ ನಡುವೆ ಫ್ಲಾಟ್ ಶುಚಿಯಾಗಬೇಕಿತ್ತು. ಶನಿವಾರ ಹೆಂಡತಿ ಬರುತ್ತಾರೆ, ಅವರಿಗೆ ಆಂಬ್ಯುಲೆನ್ಸಿನವರು ನೆಲದ ಮೇಲೆ ಬಿಟ್ಟುಹೋದ ಸೂಜಿ, ಔಷಧಿಯ ಹಾಳೆ, ಸಿಂಕಿನಲ್ಲಿ ಹುಳಿ ಬಂದ ಪಾತ್ರೆ ಕಾಣಬಾರದು ಎಂದು ನಾನೇ ಹೋದೆ. ಶುಚಿ ಮಾಡಲು ಶುರು ಮಾಡಿದರೆ ನನಗೆ ಕೈ ನಿಲ್ಲುವುದಿಲ್ಲ. ಬಾಗಿಲ ಪಕ್ಕದ ಶೂ ರ‍್ಯಾಕಿನ ಮೇಲೆ ಒಣಗಿದ ಗಿಡದ ಕುಂಡ ಇತ್ತು, ಅದರ ಪಕ್ಕ ಆ ಬಾಟಲಿ. ಅರ್ಧ ಮಾತ್ರ ತುಂಬಿದ್ದ ಕಪ್ಪು ಮಣ್ಣು. ಕುಂಡಕ್ಕೆ ತಂದ ಗೊಬ್ಬರ ಅಂದುಕೊಂಡೆ.

ಬಾಟಲಿಯ ಇನ್ನೊಂದು ಪಕ್ಕ ಸವೆದ ಚರ್ಮದ ಬೇಸ್‌ಬಾಲ್ ಗ್ಲೌಸ್ ಕೂಡ ಇತ್ತು. ಇದನ್ನು ಮುಚ್ಚಿಟ್ಟು ಹೇಳಿದರೆ ಕಥೆ ನನ್ನ ಕಡೆಗೆ ವಾಲುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಗ್ಲೌಸನ್ನು ಧೂಳು ಹೊಡೆದು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟವಳೂ ನಾನೇ.

ದೆಹಲಿಯಲ್ಲಿ ಜಪಾನಿ ಕಲಿಯುವಾಗ ನಮ್ಮ ಮೇಡಮ್ ಹೈಸ್ಕೂಲ್ ಬೇಸ್‌ಬಾಲಿನ ಪ್ರೇಮಕಥೆಗಳಿರುವ ಕಾಮಿಕ್ಸನ್ನು ರಾಶಿ ರಾಶಿ ಓದಿಸುತ್ತಿದ್ದರು. ಆಡುಮಾತು ಬರಲಿ ಎಂದು. ಎಲ್ಲದರಲ್ಲೂ ಒಂದೇ ಕಥೆ. ಚೆಂಡೆಸೆಯುವ ಹುಡುಗ ಬಾಯಿ ಬಿಡುವುದಿಲ್ಲ. ತಂಡದ ಚಾಕರಿಗೆಂದು ಒಬ್ಬ ಹುಡುಗಿ ಇರುತ್ತಾಳೆ. ಬಾರ್ಲಿ ನೀರು ಕಾಯಿಸುವುದು, ಮೈದಾನ ಹದ ಮಾಡುವುದು, ಸ್ಕೋರ್ ಪುಸ್ತಕ ಬರೆಯುವುದು ಅವಳ ಕೆಲಸ. ತಂಡದೊಳಗೆ ಪ್ರೀತಿ ಪ್ರೇಮ ಕೂಡದು ಎಂಬ ನಿಯಮ ಇರುತ್ತದೆ. ಕೊನೆಗೆ ದೇಶಕ್ಕೇ ದೊಡ್ಡದಾದ ಆ ಮೈದಾನದಲ್ಲಿ ಸೋಲುತ್ತಾರೆ. ಸೋತ ಹುಡುಗರೆಲ್ಲ ಮಂಡಿಯೂರಿ ಅಲ್ಲಿನ ಮಣ್ಣನ್ನು ಶೂ ಚೀಲಕ್ಕೆ ತುಂಬಿಕೊಂಡು ಅಳುತ್ತಾ ಮನೆಗೆ ಹೋಗುತ್ತಾರೆ. "ಮಣ್ಣು ಹೊರೋದಕ್ಕೆ ಇಷ್ಟು ಅಳು ಬೇಕಾ" ಎಂದು ಹಾಸ್ಟೆಲಿನಲ್ಲಿ ಎಲ್ಲರನ್ನೂ ನಗಿಸಿದ್ದೆ. ಅದೇ ಮಣ್ಣು ಗ್ಲೌಸಿನ ಪಕ್ಕ ಕೂತು ನನ್ನ ಮುಖ ನೋಡುತ್ತಿದ್ದಾಗ ನನಗೆ ಕಂಡದ್ದು ಬಾಟಲಿ.

ಶನಿವಾರ ಸಂಜೆ ವಿಮಾನ ನಿಲ್ದಾಣದಲ್ಲಿ ಬುಚೋ ಅವರ ಹೆಂಡತಿಯನ್ನು ಕಂಡೆ. ಬೇರೆಯವರ ಹೆಂಡತಿಯನ್ನು ಗೌರವದಿಂದ ಓಕುಸಾನ್ ಎನ್ನುವುದು ಜಪಾನಿನ ವಾಡಿಕೆ. ನಲವತ್ತೈದರ ಆಸುಪಾಸು, ಗಿಡ್ಡ ಕೂದಲು, ಬಿಸಿಲಿಗೆ ಕಂದಿದ ಕೈ. ಅಳುತ್ತಿರಲಿಲ್ಲ. ನನ್ನನ್ನು "ದುಭಾಷಿಯವರೇ" ಎಂದು ಕರೆದರು. ಕಾರು ಹೈವೇ ಹತ್ತಿದ ಮೇಲೆ, "ಮನೆಯಲ್ಲಿರುವುದನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಿ," ಎಂದರು. "ನನಗೆ ಒಂದು ಮಾತ್ರ ಬೇಕು. ಶೂ ಇಡುವ ಕಡೆ ಒಂದು ಬಾಟಲಿ ಇರುತ್ತದೆ. ಅದರಲ್ಲಿ ಮಣ್ಣಿದೆ."

"ಇದೆ. ತೆಗೆದಿಟ್ಟಿದ್ದೇನೆ," ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ. ಸಭೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ತಡವರಿಸಬಾರದು ಎಂದು ರೂಢಿ ಮಾಡಿಕೊಂಡ ಬಾಯಿ ತಾನೇ ಹೇಳಿಬಿಟ್ಟಿತು.

ಆಮೇಲೆ ನಾನು ಕೇಳದೆಯೇ ಅವರು ಹೇಳಿದರು. ಅವರೇ ಆ ಸ್ಕೋರ್ ಪುಸ್ತಕದ ಹುಡುಗಿ. ಬುಚೋ ಚೆಂಡೆಸೆಯುವವರೂ ಅಲ್ಲ, ಹೊಡೆಯುವವರೂ ಅಲ್ಲ, ಮೂರು ವರ್ಷ ಬೆಂಚು ಕಾಯ್ದ ಹುಡುಗ. ದೊಡ್ಡ ಮೈದಾನದಲ್ಲಿ ಮೊದಲ ಪಂದ್ಯದ ಕೊನೆಯ ಸುತ್ತಿನಲ್ಲಿ ಬೇರೆ ದಾರಿಯಿಲ್ಲದೆ ಅವರನ್ನು ಬ್ಯಾಟ್ ಕೊಟ್ಟು ಕಳಿಸಿದರು. ಮೂರು ಸಲ ಬೀಸಿದರು, ಮೂರೂ ಗಾಳಿಗೆ. ಅಲ್ಲಿಗೆ ಪಂದ್ಯ ಮುಗಿಯಿತು.

"ಅದನ್ನು ನಾನೇ ಬರೆಯಬೇಕಿತ್ತು," ಎಂದರು ಓಕುಸಾನ್. "ಆಗ ನಾವು ಮಾತೇ ಆಡಿರಲಿಲ್ಲ. ಆದರೂ ಇಬ್ಬರಿಗೂ ಗೊತ್ತಿತ್ತು. ಸ್ಕೋರ್ ಬರೆಯುವವರು ಯಾರ ತಪ್ಪನ್ನೂ ಬಿಡುವ ಹಾಗಿಲ್ಲ. ಯಾರು ತಪ್ಪಿದರೋ ಅವರ ಹೆಸರಿನ ಮುಂದೆಯೇ ಬರೆಯಬೇಕು. ಬರೆಯದಿದ್ದರೆ ಆಟ ಮುಗಿದ ಹಾಗಾಗುವುದಿಲ್ಲ."

ಶಾಲೆ ಬಿಡುವ ದಿನ ಆ ಹುಡುಗ ಅವರ ಮನೆಗೆ ಬಂದು, "ಕೊನೆಯ ಗೆರೆಯನ್ನು ನಿಮ್ಮ ಕೈಯಲ್ಲಿ ಬರೆಸಿದ್ದಕ್ಕೆ ಕ್ಷಮಿಸಿ" ಎಂದು ತಾನು ತುಂಬಿಕೊಂಡು ಬಂದಿದ್ದ ಮಣ್ಣಿನಲ್ಲಿ ಅರ್ಧ ಕೊಟ್ಟನಂತೆ. ಅವರ ಮಟ್ಟಿಗೆ ಮದುವೆಯ ಪ್ರಸ್ತಾಪ ಅದೇ. ಆಮೇಲೆ ಎಷ್ಟೋ ವರ್ಷ, ಎಷ್ಟೋ ಊರು. ಬುಚೋ ಹೋದಲ್ಲೆಲ್ಲ ಅವರ ಅರ್ಧ ಹೋಯಿತು. ಓಕುಸಾನ್ ಕೈಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ತಮ್ಮ ಅರ್ಧವನ್ನು ಅಂಗೈಯಲ್ಲಿ ತೋರಿಸಿದರು. ಕಪ್ಪು, ಸಣ್ಣ ಕಾಳು, ನಡುನಡುವೆ ಬಿಳಿ ಮರಳು. "ಎರಡನ್ನೂ ಅವರ ಅಸ್ಥಿಯ ಜೊತೆ ಸೇರಿಸಬೇಕು. ಅಷ್ಟಕ್ಕೇ ಬಂದೆ," ಎಂದರು. ಹೋಟೆಲ್ ಬರುವವರೆಗೆ ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಮನೆಗೆ ಬಂದರೆ ನನ್ನ ರೂಮ್‌ಮೇಟ್ ಊಟಕ್ಕೆ ಕೂತಿದ್ದಳು. ದಾವಣಗೆರೆಯವಳು, ಇಲ್ಲಿ ಕೃಷಿ ಸಂಸ್ಥೆಯಲ್ಲಿ ಮಣ್ಣಿನ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಮೇಜಿನ ಮೇಲೆ ಆ ಬಾಟಲಿ. ಬೆಳಿಗ್ಗೆಯೇ ನಾನು ಅಮ್ಮ ಕಳಿಸಿದ್ದ ಬೆಳ್ಳುಳ್ಳಿ ಚಟ್ನಿಪುಡಿಯನ್ನು ಅದಕ್ಕೆ ತುಂಬಿದ್ದೆ. ಅವಳು ಅದರಿಂದಲೇ ಮೊಸರನ್ನಕ್ಕೆ ಉದುರಿಸಿಕೊಳ್ಳುತ್ತಿದ್ದಳು.

"ಏನೇ, ಹೆಣ ನೋಡ್ದೋಳ್ ಥರ ಬಂದಿದೀಯ?"

"ನೋಡೇ ಬಂದಿದೀನಿ," ಎಂದು ಎಲ್ಲ ಹೇಳಿದೆ. ಅವಳು ಚಮಚ ಕೆಳಗಿಟ್ಟಳು.

"ಅಚ್ಛಾ. ನಾಳೆ ಬೆಳಿಗ್ಗೆ ಹೋಗಿ ಹೇಳ್ಬಿಡು. ತಪ್ಪಾಯ್ತು, ಗೊತ್ತಾಗ್ಲಿಲ್ಲ ಅನ್ನು."

"ಕಸದ ಚೀಲಕ್ಕೆ ಸುರಿದೆ ಅನ್ಲಾ? ಬಾಟಲಿ ಚೆನ್ನಾಗಿತ್ತು, ಕದ್ಕೊಂಡ್ ಬಂದೆ, ಚಟ್ನಿಪುಡಿ ಹಾಕಿದೀನಿ ಅನ್ಲಾ?"

ಅವಳು ಬಾಟಲಿಯ ಮುಚ್ಚಳ ಹಾಕಿ ಆಚೆ ಸರಿಸಿದಳು.

ಭಾನುವಾರ ಬೆಳಕು ಹರಿಯುತ್ತಲೇ ಅಪಾರ್ಟ್‌ಮೆಂಟಿನ ಹಿಂಭಾಗದ ಕಸದ ಕೋಣೆಗೆ ಹೋದೆ. ಕಸ ಬೇರ್ಪಡಿಸುವ ಭಯ್ಯಾ ಒಬ್ಬರು ಬೀಡಿ ಸೇದುತ್ತಾ ಕೂತಿದ್ದರು. ಶುಕ್ರವಾರದ ಚೀಲ ಎಂದೆ. "ಶುಕ್ರವಾರ್ ಕಾ? ವೋ ತೋ ಪಹಾಡ್ ಪರ್ ಚಢ್ ಗಯಾ, ಮೇಡಮ್," ಎಂದರು. ಊರಾಚೆಯ ಕಸದ ಗುಡ್ಡ ಏರಿ ಆಯಿತು ಅಂತ. ಉಂಗುರ ಹೋಯಿತಾ ಎಂದು ಕೇಳಿದರು. ಮಣ್ಣು ಎಂದೆ. ಅವರು ಬೀಡಿ ಆರಿಸಿ ನನ್ನನ್ನು ಒಂದು ಸಲ ಸರಿಯಾಗಿ ನೋಡಿದರು. ಆದರೂ ನಾನು ಅಲ್ಲಿದ್ದ ಹದಿನೈದಿಪ್ಪತ್ತು ಚೀಲಗಳನ್ನು ಬಿಚ್ಚಿ ನೋಡಿದೆ. ಕೈಗೆ ಹತ್ತಿದ್ದು ಕೊಳೆತ ಪಪ್ಪಾಯ, ಮಕ್ಕಳ ಡೈಪರು.

ಅಲ್ಲಿಂದ ಎಚ್.ಆರ್. ಮುಖ್ಯಸ್ಥರಿಗೆ ಫೋನ್ ಮಾಡಿದೆ. "ಅರೆ ಮೇಡಮ್, ಮಿಟ್ಟಿ ಹೀ ತೋ ಹೈ. ಬರೀ ಮಣ್ಣು ತಾನೇ, ಯಾವುದೋ ಒಂದು ಪಾರ್ಕಿಂದ ತುಂಬಿಸಿ ಕೊಡಿ," ಎಂದು ಹಿಂದಿಯಲ್ಲಿ ನಕ್ಕರು. ಅವರ ಮೇಲೆ ಉರಿದುಹೋಯಿತು. ಆದರೆ ಅವರು ಹೇಳಿದ್ದಕ್ಕೂ ನಾನು ಆಗಲೇ ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದಕ್ಕೂ ಇದ್ದ ವ್ಯತ್ಯಾಸ, ನಾನು ಅದನ್ನು ಅಚ್ಚುಕಟ್ಟಾಗಿ ಮಾಡುವವಳಿದ್ದೆ, ಅಷ್ಟೆ. ಹೇಳಿಬಿಡಲು ಇಡೀ ಭಾನುವಾರ ಇತ್ತು. ಹೋಟೆಲ್ ಅರ್ಧ ಗಂಟೆಯ ದಾರಿ. ನಾನು ಆ ಕಡೆ ಹೋಗದೆ ರೂಮ್‌ಮೇಟಳ ಲ್ಯಾಬಿಗೆ ಆಟೊ ಹತ್ತಿದೆ. ಓಕುಸಾನ್ ನೊಂದುಕೊಳ್ಳುತ್ತಾರೆ ಎಂಬ ಮರುಕ ಒಂದು ಪಾಲು ಇದ್ದೀತು. ಉಳಿದ ಮೂರು ಪಾಲು ನನ್ನ ಮಾನದ ಚಿಂತೆ. ಹತ್ತು ವರ್ಷದಲ್ಲಿ ಒಂದು ಸಭೆಯಲ್ಲೂ ನಾನು ತಪ್ಪಿದವಳಲ್ಲ ಎಂಬ ಜಂಬ.

ರೂಮ್‌ಮೇಟ್ ಬೇಡ ಬೇಡ ಎನ್ನುತ್ತಲೇ ಲ್ಯಾಬಿನ ಬೀಗ ತೆಗೆದಳು. ಮಣ್ಣಿನ ಬಣ್ಣ ಹೊಂದಿಸಿ ನೋಡುವ ಬಿಲ್ಲೆಗಳ ಪುಸ್ತಕವೊಂದು ಅವಳ ಬಳಿ ಇದೆ. ಕಣ್ಣು ಮುಚ್ಚಿ ಓಕುಸಾನ್ ಅಂಗೈಯನ್ನು ನೆನೆಸಿಕೊಂಡು ಒಂದು ಬಿಲ್ಲೆ ತೋರಿಸಿದೆ. "ಇದು ನಮ್ಮೂರ್ ಎರೆಮಣ್ಣಿಗೇ ಹತ್ರ ಬರುತ್ತೆ," ಎಂದು ತನ್ನ ಸಂಶೋಧನೆಗೆ ತರಿಸಿದ್ದ ಮಾದರಿಯಿಂದ ಎರಡು ಹಿಡಿ ತೆಗೆದಳು. ಅದನ್ನು ಕುಟ್ಟಿ, ಜರಡಿಯಲ್ಲಿ ಎರಡು ಸಲ ಆಡಿಸಿ, ಓವನ್ನಿನಲ್ಲಿ ಒಣಗಿಸಿದೆವು. ಬಿಳಿ ಕಾಳಿಗೆ ಯಮುನೆಯ ಮರಳು ತಂದಳು. ಅದು ಮಿಣಮಿಣ ಹೊಳೆಯಿತು.

"ಕಾಗೆಬಂಗಾರ," ಎಂದಳು. "ಇದನ್ನ ಹಾಗೇ ಹಾಕಿದ್ರೆ ಸಿಕ್ಕಿಬೀಳ್ತೀಯ."

ಮರಳನ್ನು ನೀರಿನಲ್ಲಿ ತೊಳೆದು ತೊಳೆದು ಆ ಹೊಳೆಯುವ ಪುಡಿಯನ್ನು ತೇಲಿಸಿ ಚೆಲ್ಲಿದೆವು. ಉಳಿದದ್ದನ್ನು ನಾನು ಚಿಮಟದಲ್ಲಿ ಹೆಕ್ಕಿದೆ. ಐದು ತಾಸು ಹಿಡಿಯಿತು. ಚಟ್ನಿಪುಡಿಯನ್ನು ಸ್ಟೀಲ್ ಡಬ್ಬಿಗೆ ವರ್ಗಾಯಿಸಿ, ಬಾಟಲಿಯನ್ನು ಮೂರು ಸಲ ಸೋಪು ಹಾಕಿ ಉಜ್ಜಿ, ಬಿಸಿನೀರಿನಲ್ಲಿ ಜಾಲಾಡಿಸಿ, ಸರಿಯಾಗಿ ಅರ್ಧಕ್ಕೆ ತುಂಬಿದೆ. ಬುಚೋ ನೋಡಿದ್ದರೆ ಪಾಸ್ ಮಾಡುತ್ತಿದ್ದರು ಎಂದು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸೋಮವಾರ ದಹನ. ಶ್ಮಶಾನದಲ್ಲಿ ಗ್ಯಾಸಿನ ಒಲೆ ಗೊತ್ತು ಮಾಡಿದ್ದೆವು. ಜಪಾನಿನಲ್ಲಿ ಸುಟ್ಟ ಮೇಲೆ ಎಲುಬುಗಳನ್ನು ಬೂದಿ ಮಾಡುವುದಿಲ್ಲ. ಮನೆಯವರು ಇಬ್ಬಿಬ್ಬರಾಗಿ ಕಡ್ಡಿಗಳಿಂದ ಎತ್ತಿ, ಪಾದದಿಂದ ಶುರುಮಾಡಿ ತಲೆಯವರೆಗೆ ಕ್ರಮವಾಗಿ ಕರಂಡಕಕ್ಕೆ ತುಂಬುತ್ತಾರೆ. ಇದನ್ನು ಒಲೆ ನೋಡಿಕೊಳ್ಳುವ ಮುದುಕರಿಗೆ ವಿವರಿಸಬೇಕಿತ್ತು. ಉರಿ ಕಡಿಮೆ ಇರಲಿ, ಸಲಾಕೆಯಿಂದ ಒಡೆಯಬೇಡಿ, ನೀರು ಚಿಮುಕಿಸಬೇಡಿ ಎಂದೆ. ಅವರು ತಾಳ್ಮೆಯಿಂದ ಕೇಳಿ, "ಫೂಲ್ ಸಾಬುತ್ ಚಾಹಿಯೇ, ಯಹೀ ನಾ ಬೇಟಾ?" ಎಂದರು. ಅಸ್ಥಿಗೆ ಇಲ್ಲಿ ಹೂ ಎನ್ನುತ್ತಾರೆ. ಹೂ ಇಡಿಯಾಗಿ ಬೇಕು, ಅಷ್ಟೇ ತಾನೇ ಎಂದು ಕೇಳುತ್ತಿದ್ದಾರೆ ಎಂದು ನಾನು ಓಕುಸಾನ್‌ಗೆ ದಾಟಿಸಿದೆ. ಅವರು ಮುದುಕರಿಗೆ ನಡು ಬಾಗಿ ವಂದಿಸಿದರು.

ಎರಡೂವರೆ ತಾಸಿನ ನಂತರ ತಟ್ಟೆ ಹೊರಗೆ ಬಂತು. ಮುದುಕರು ಮಾತು ಉಳಿಸಿಕೊಂಡಿದ್ದರು. ಓಕುಸಾನ್‌ಗೆ ಮಕ್ಕಳಿಲ್ಲ, ಜೊತೆಗೆ ಯಾರೂ ಬಂದಿರಲಿಲ್ಲ. ಎಚ್.ಆರ್. ಮುಖ್ಯಸ್ಥರು ದೂರದಲ್ಲಿ ಕರವಸ್ತ್ರ ಹಿಡಿದು ನಿಂತಿದ್ದರು. ಓಕುಸಾನ್ ಎರಡು ಜೊತೆ ಕಡ್ಡಿ ತೆಗೆದು ಒಂದನ್ನು ನನ್ನ ಕಡೆ ಚಾಚಿದರು.

"ದುಭಾಷಿಯವರೇ, ಇನ್ನೊಂದು ತುದಿ ಹಿಡಿಯುತ್ತೀರಾ?"

ಹಿಡಿದೆ. ಪಾದದ ಎಲುಬು, ಮಂಡಿಯ ಚಿಪ್ಪು, ಪಕ್ಕೆ. ಒಂದೊಂದನ್ನೂ ಇಬ್ಬರೂ ಒಟ್ಟಿಗೆ ಎತ್ತಬೇಕು. ಒಬ್ಬರ ಕೈ ನಡುಗಿದರೆ ಬೀಳುತ್ತದೆ. ನನ್ನ ಕೈ ನಡುಗಿತು. ಅವರ ಕೈ ನನ್ನ ಕೈಗಾಗಿ ಕಾಯ್ದು, ಸರಿಹೋದ ಮೇಲೆ ಎತ್ತುತ್ತಿತ್ತು. ಕೊನೆಗೆ ಗಂಟಲ ಹತ್ತಿರದ ಸಣ್ಣ ಎಲುಬು. ಅದನ್ನಿಟ್ಟ ಮೇಲೆ ಅವರು ಬಟ್ಟೆಯ ಗಂಟು ಬಿಚ್ಚಿ ತಮ್ಮ ಅರ್ಧವನ್ನು ಸುರಿದರು. ಆಮೇಲೆ ನಾನು ಕೊಟ್ಟ ಬಾಟಲಿಯ ಮುಚ್ಚಳ ತಿರುಗಿಸಿದರು.

ಮುಚ್ಚಳ ಬಿಚ್ಚಿದವರು ಹಾಗೇ ನಿಂತರು. ಒಂದು ಉಸಿರು ಒಳಗೆ ಎಳೆದುಕೊಂಡರು. ಚಿಟಿಕೆ ಮಣ್ಣನ್ನು ಬೆರಳ ನಡುವೆ ತಿಕ್ಕಿ ನೋಡಿ, ಮತ್ತೆ ಬಾಟಲಿಗೇ ಉದುರಿಸಿ, ಮುಚ್ಚಳ ಬಿಗಿ ಮಾಡಿದರು. ಕರಂಡಕವನ್ನೂ ಮುಚ್ಚಿದರು. ನಾನು ಯಾಕೆ ಎಂದು ಕೇಳಲಿಲ್ಲ. ಗಂಡನ ಪಾಲನ್ನು ನೆನಪಿಗೆ ಇಟ್ಟುಕೊಳ್ಳುವ ಮನಸ್ಸಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬದುಕಿಕೊಂಡೆ ಅನ್ನಿಸಿತು. ಆ ಸಂಜೆ ಹೊಟ್ಟೆ ತುಂಬ ಉಂಡೆ ಕೂಡ.

ಮಂಗಳವಾರ ಸಂಜೆ ವಿಮಾನ. ಮರಣ ಪ್ರಮಾಣಪತ್ರ, ದಹನದ ರಸೀತಿ, ದೂತಾವಾಸದ ಪತ್ರ ಎಲ್ಲವನ್ನೂ ಕ್ರಮವಾಗಿ ಜೋಡಿಸಿ ಕೊಟ್ಟೆ. ಕರಂಡಕವನ್ನು ಅವರು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದರು. ನಿಲ್ದಾಣದ ಬಾಗಿಲ ಬಳಿ ಅದನ್ನು ಟ್ರಾಲಿಯ ಮೇಲಿಟ್ಟು, ಕೈಚೀಲದಿಂದ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು.

"ಇದನ್ನು ಮಾಡಲು ನಿಮಗೆ ತುಂಬ ಶ್ರಮವಾಗಿರಬೇಕು," ಎಂದರು. "ನೋಡಲು ಹಾಗೆಯೇ ಇದೆ. ಮೂರು ವರ್ಷ ಮೈದಾನ ಹದ ಮಾಡಿದವಳು ನಾನು, ನನಗೂ ಒಂದು ಕ್ಷಣ ತಿಳಿಯಲಿಲ್ಲ. ಮುಚ್ಚಳದಲ್ಲಿ ಬೆಳ್ಳುಳ್ಳಿ ವಾಸನೆ ಇದೆ."

ಮುಚ್ಚಳದ ರಬ್ಬರು. ಕಾಗೆಬಂಗಾರವನ್ನು ಚಿಮಟದಲ್ಲಿ ಹೆಕ್ಕಿದವಳಿಗೆ ಅದು ಹೊಳೆದಿರಲಿಲ್ಲ.

"ನಿಜವಾದದ್ದು ಎಲ್ಲಿದೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಲೆ ತಗ್ಗಿಸಿ ನಿಂತುಬಿಡಬಹುದಿತ್ತು. ನಾನು ಹೇಳಿದೆ. ಕಸದ ಚೀಲ, ಲಾರಿ, ಗುಡ್ಡ. ಬಾಟಲಿ ಇಷ್ಟವಾದದ್ದು, ಚಟ್ನಿಪುಡಿ, ಲ್ಯಾಬು. ಹತ್ತು ವರ್ಷ ಬೇರೆಯವರ ಮಾತನ್ನೇ ಆಡಿದ ಜಪಾನಿಯಲ್ಲಿ ನನ್ನದೇ ಮಾತು ಆಡಲು ಪದಗಳು ಸಿಗಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಯಂತೆ ತುಂಡು ತುಂಡಾಗಿ ಹೇಳಿದೆ. ಮುಗಿದ ಮೇಲೆ ಅವರು ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲು ತೆಗೆದರು.

"ಯಾವ ದಿನ?"

"ಶುಕ್ರವಾರ."

"ಎಷ್ಟು ಗಂಟೆಗೆ?"

"ಹತ್ತೂವರೆ. ಬೆಳಿಗ್ಗೆ."

"ಗುಡ್ಡ ಯಾವ ದಿಕ್ಕಿಗೆ?"

ನಾನು ಕೈ ತೋರಿಸಿದೆ. ಅವರು ಆ ಕಡೆ ಒಮ್ಮೆ ನೋಡಿ ಬರೆದುಕೊಂಡರು. ಆಮೇಲೆ ಪೆನ್ಸಿಲ್ ಹಿಡಿದುಕೊಂಡೇ ತಲೆ ಎತ್ತಿದರು.

"ನಿಮ್ಮ ಹೆಸರು?"

ನಾಲ್ಕು ದಿನದಲ್ಲಿ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳಿದೆ. ಅವರ ಲಿಪಿಯಲ್ಲಿ ಅದನ್ನು ಹೇಗೆ ಬರೆಯಬೇಕೆಂದು ಎರಡು ಸಲ ಕೇಳಿ, ಸರಿಯಾಗಿ ಬರೆದು, ನನಗೆ ತೋರಿಸಿ ಖಚಿತ ಮಾಡಿಕೊಂಡರು. ಪುಸ್ತಕ ಮುಚ್ಚಿದರು. ನಡು ಬಾಗಿ ವಂದಿಸಿ, ಕರಂಡಕವನ್ನು ಎತ್ತಿಕೊಂಡು ಒಳಗೆ ಹೋದರು.

ಮೆಟ್ರೋದಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ದಾರಿಯಲ್ಲೇ ಮುಚ್ಚಳ ತೆಗೆದು ಮೂಸಿದೆ. ಏನೂ ಬರಲಿಲ್ಲ. ಮತ್ತೆ ಮತ್ತೆ ಮೂಸಿದೆ. ಮಣ್ಣಿನದು ಬಿಟ್ಟರೆ ಬೇರೆ ವಾಸನೆ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು ಆಚೆ ಸರಿದು ಕೂತಳು.